ಇಪ್ಪತ್ತೆರಡೂವರೆ ಡಿಗ್ರಿ

ರಸಮಟ್ಟ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನಲವತ್ತು ವರ್ಷ ಕಾರ್ಖಾನೆಗಳಲ್ಲಿ ಪೈಪು ಜೋಡಿಸಿ ಬೆಸುಗೆ ಹಾಕಿದ ಮೇಸ್ತ್ರಿ ಅವನು. ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ರಸಮಟ್ಟವನ್ನು ಚೀಲದಿಂದ ತೆಗೆಯುವ ಗೋಜಿಗೇ ಹೋಗದೆ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಿ, "ಎಡಕ್ಕೆ ಒಂದು ಕೂದಲೆಳೆ" ಎನ್ನುತ್ತಿದ್ದ. ನಂಬದವರು ಉಪಕರಣ ಇಟ್ಟು ನೋಡಿದರೆ ಗುಳ್ಳೆ ಅಷ್ಟೇ ಸರಿದಿರುತ್ತಿತ್ತು. ಕೊನೆಗೆ ಜನ ಉಪಕರಣದ ಹೆಸರನ್ನೇ ಅವನಿಗೆ ಅಂಟಿಸಿದರು. ನಿವೃತ್ತನಾಗಿ ಹತ್ತು ವರ್ಷವಾದರೂ ಆ ಹೆಸರು ಹೋಗಿಲ್ಲ. ಹೋಗಲು ಅವನು ಬಿಟ್ಟೂ ಇಲ್ಲ. ಗೋಡೆಯ ಕ್ಯಾಲೆಂಡರು ವಾಲಿದೆಯೆಂದು ದಿನಕ್ಕೆರಡು ಸಲ ಎದ್ದು ಸರಿಮಾಡುತ್ತಾನೆ. "ನಾನು ಕೂರಿಸಿದ ಫ್ಲೇಂಜನ್ನ ಇವತ್ತಿನವರೆಗೂ ಯಾರೂ ತಿರುಗಿಸಿಲ್ಲ" ಎಂಬ ಮಾತನ್ನು ಹಾಲು ಹಾಕುವವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರೂ ಕೇಳಿದ್ದಾರೆ. ಡಾಕ್ಟರು ಬಾಯಿ ತೆರೆಸಿಟ್ಟಿದ್ದಾಗಲೇ ಹೇಳಿದ್ದನಂತೆ, ಪಾಪ, ಅವರಿಗೆ ಎಷ್ಟು ಅರ್ಥವಾಯಿತೋ.

ಆ ಮಾತಿನ ಬೆಲೆ ತಿಳಿಯಬೇಕಾದರೆ ಫ್ಲೇಂಜ್ ಏನೆಂದು ತಿಳಿಯಬೇಕು. ಪೈಪಿನ ತುದಿಗೆ ಬೆಸೆಯುವ ದಪ್ಪ ಉಕ್ಕಿನ ಬಳೆ ಅದು, ಸುತ್ತಲೂ ಬೋಲ್ಟಿಗೆಂದು ತೂತುಗಳು. ಎರಡು ಬಳೆಗಳು ಮುಖಕ್ಕೆ ಮುಖ ಕೂತು, ತೂತಿಗೆ ತೂತು ಸೇರಿದರೆ ಬೋಲ್ಟು ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಎಲ್ಲೋ ಮಾಡಿದ ಪೈಪು ಇನ್ನೆಲ್ಲೋ ಇರುವ ಟ್ಯಾಂಕಿಗೆ ಕೂರಬೇಕಲ್ಲ, ಅದಕ್ಕೊಂದು ಕಟ್ಟಳೆಯಿದೆ: ಫ್ಲೇಂಜಿನ ನೆತ್ತಿಯ ಮೇಲೆ ತೂತು ಇರಕೂಡದು, ನಡುಗೆರೆಯ ಆಚೆಗೊಂದು ಈಚೆಗೊಂದು, ಮುಖದಲ್ಲಿ ಕಣ್ಣುಗಳಿರುವ ಹಾಗೆ ಇರಬೇಕು. ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ. ಡ್ರಾಯಿಂಗಿನಲ್ಲಿ ಬರೆಯುವುದೂ ಅಪರೂಪ. ಎಲ್ಲರೂ ಹಾಗೆಯೇ ಮಾಡಿರುತ್ತಾರೆಂಬ ನಂಬಿಕೆಯ ಮೇಲೆ ಕಾರ್ಖಾನೆಗಳು ನಿಂತಿವೆ.

ಸೋಮವಾರ ಸಂಜೆ ಊಟಕ್ಕೆ ಕೂತಾಗ ಸೊಸೆ ಹಿಗ್ಗಿ ಹೀರೇಕಾಯಿಯಾಗಿದ್ದಳು. ಅವಳದು ಪೈಪ್ ಡಿಸೈನ್ ಆಫೀಸು. ಅಲ್ಲಿಂದ ಹೊರಬೀಳುವ ಪ್ರತಿ ಡ್ರಾಯಿಂಗಿನ ಮೂಲೆಯಲ್ಲೂ ಎರಡು ಚೌಕ: ಒಂದು ಬರೆದವರ ಸಹಿಗೆ, ಒಂದು ತಪಾಸಣೆ ಮಾಡಿದವರ ಸಹಿಗೆ. ಹನ್ನೊಂದು ವರ್ಷದಿಂದ ಅವಳ ಸಹಿ ಮೊದಲ ಚೌಕದಲ್ಲೇ ಬೀಡುಬಿಟ್ಟಿತ್ತು.

"ಮಾವ, ಈ ಸಲ ಎರಡನೇ ಚೌಕ ನಂದು. ಬರೆದಿದ್ದು ಆಫೀಸಿನ ಹೊಸಬಳು, ಅಳತೆ ತಂದಿದ್ದು ನಾನು, ತಪಾಸಣೆ ನಂದು. ನಮ್ಮ ಸಾಹೇಬ್ರು ಡ್ರಾಯಿಂಗನ್ನ ಕಣ್ಣೆತ್ತಿ ಸಹ ನೋಡಲ್ಲವಂತೆ. ಶನಿವಾರ ಸೀದಾ ಕಾರ್ಖಾನೆಗೆ ಬಂದು, ಪೈಪ್ ಕೂತಿದ್ಯಾ ಇಲ್ವಾ ಅಂತ ಮಾತ್ರ ನೋಡ್ತಾರಂತೆ. ಕೂತ್ರೆ ತಪಾಸಣೆ ಕುರ್ಚಿ ನಂಗೆ. ಕೂರ್ಲಿಲ್ವಾ, ಇನ್ನು ಮೂರು ವರ್ಷ ಅದರ ಸುದ್ದಿ ಎತ್ತೋ ಹಾಗಿಲ್ಲ."

"ಭೇಷ್ ಕಣಮ್ಮ! ಎಲ್ಲಿ ಪೈಪು?"

"ಸಾಬೂನು ಕಾರ್ಖಾನೇದು. ಎಣ್ಣೆ ಟ್ಯಾಂಕಿಂದ ಪಂಪಿಗೆ ಹೋಗೋದು. ಹಳೇದು ಸವೆದು ಹೋಗಿದೆ. ನಿಮ್ಮದೇ ಟ್ಯಾಂಕು ಮಾವ, ನೀವೇ ಬೆಸುಗೆ ಹಾಕಿದ್ದು!"

ತುತ್ತು ಗಂಟಲಲ್ಲೇ ನಿಂತಿತು. ಹೆಂಡತಿ ಬೆನ್ನಿಗೆ ಎರಡು ಗುದ್ದಿದ ಮೇಲೆ ಕೆಳಗಿಳಿಯಿತು.

"ಅದರ... ಅದರ ಮೂತಿ ಇದೆಯಲ್ಲ, ಟ್ಯಾಂಕಿನ ಫ್ಲೇಂಜು. ಅಳೆದ್ಯಾ?"

"ಅಯ್ಯೋ, ನಿಮ್ಮ ಕೈಕೆಲಸಾನ ಅಳೆಯೋದಾ ಮಾವ?" ಎಂದು ಸೊಸೆ ತಟ್ಟೆ ನೋಡಿಕೊಂಡು ನಕ್ಕಳು.

ಆ ಟ್ಯಾಂಕಿನ ಕತೆ ಇಪ್ಪತ್ತಾರು ವರ್ಷ ಹಿಂದಿನದು. ಊಟದ ಗಂಟೆಗೆ ಇನ್ನೂ ಕಾಲು ತಾಸಿತ್ತು. "ಗಂಟೆ ಹೊಡೆಯೋದ್ರೊಳಗೆ ಕೂರಿಸ್ತೀನಿ, ಮಟ್ಟದ ಕೋಲೂ ಬೇಡ, ಗೀಲೂ ಬೇಡ" ಎಂದು ಹತ್ತು ಜನರೆದುರು ಕೊಚ್ಚಿಕೊಂಡು, ಒಂದು ಕಣ್ಣು ಮುಚ್ಚಿ ಫ್ಲೇಂಜ್ ಕೂರಿಸಿ ಬೆಸೆದೇಬಿಟ್ಟ. ಅದೇನು ಸೊಟ್ಟಗೆ ಕಾಣಲಿಲ್ಲ. ಎಂಟು ತೂತಿನ ಫ್ಲೇಂಜು, ನೆತ್ತಿಯ ಮೇಲೆ ಒಂದು ತೂತಿದ್ದರೂ ನೋಡಲು ಅಷ್ಟೇ ಚೆಂದ, ಅಷ್ಟೇ ಸಮ. ಅದೇ ಅದರ ಮೋಸ. ಇರಬೇಕಾದ ಜಾಗದಿಂದ ತೂತುಗಳು ಇಪ್ಪತ್ತೆರಡೂವರೆ ಡಿಗ್ರಿ ತಿರುಗಿ ಕೂತಿದ್ದವು.

ವಾರದ ಮೇಲೆ ಪೈಪು ಬಂತು, ಕೂರಲಿಲ್ಲ. ಫೋರ್‌ಮನ್ನು ಟ್ಯಾಂಕಿನ ಕಡೆ ತಿರುಗುವ ಮೊದಲೇ ರಸಮಟ್ಟನ ಬಾಯಿಂದ ಮಾತು ಜಾರಿತ್ತು: "ಡ್ರಾಯಿಂಗ್ ನೋಡಿ ಸ್ವಾಮಿ, ಡ್ರಾಯಿಂಗು!" ರಸಮಟ್ಟ ಕೂರಿಸಿದ್ದನ್ನು ಅಳೆಯುವುದುಂಟೇ? ಯಾರೂ ಅಳೆಯಲಿಲ್ಲ. ಪೈಪಿನ ಫ್ಲೇಂಜನ್ನೇ ಕೊಯ್ದು, ತಿರುಗಿಸಿ, ಬೆಸೆದರು. ಮೇಲೆ ಶಾಖ ಹಿಡಿದಿಡುವ ಹೊದಿಕೆ ಸುತ್ತಿದ ಮೇಲೆ ಎಲ್ಲವೂ ಮುಚ್ಚಿಹೋಯಿತು. ಡ್ರಾಯಿಂಗ್ ಆಫೀಸಿನಲ್ಲಿ ಆ ಪೈಪನ್ನು ಬರೆದಿದ್ದ ಎಳೆಯ ಗುಮಾಸ್ತನನ್ನು ಮಾತ್ರ ನಕ್ಷೆ ಬರೆಯುವ ಕೆಲಸ ಬಿಡಿಸಿ, ಎರಡು ವರ್ಷ ಡ್ರಾಯಿಂಗುಗಳ ಮೇಲೆ ಅಕ್ಷರ ಮತ್ತು ಅಂಕಿ ತುಂಬುವ ಮೇಜಿಗೆ ಕೂರಿಸಿದರಂತೆ. ಆ ಸುದ್ದಿ ಕಿವಿಗೆ ಬಿದ್ದ ದಿನ ರಸಮಟ್ಟನಿಗೆ ಊಟ ಸೇರಲಿಲ್ಲ. ನಾಳೆ ಹೇಳೋಣ ಎಂದುಕೊಂಡ. ನಾಳೆ ಎಂದವನ ಮನೆ ಹಾಳು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಇಲ್ಲಿ ಹಾಳಾದದ್ದು ಬೇರೆಯವನ ಮನೆ, ಅಷ್ಟೇ.

ಆ ಗುಮಾಸ್ತ ಆಮೇಲೆ ಮೇಲೆ ಬಂದರು. ಅಳೆಯದೆ ಒಂದು ಗೆರೆಯನ್ನೂ ಎಳೆಯದ ಅವರಿಗೆ ಅಳತೆ ಸಾಹೇಬರು ಎಂದೇ ಹೆಸರಾಯಿತು. ಅವರೇ ಸೊಸೆಯ ಮೇಲಧಿಕಾರಿ. ಅವಳಿಗೆ ಆ ಆಫೀಸಿನಲ್ಲಿ ಕೆಲಸ ಸಿಕ್ಕಿದ ದಿನ ಮಾವನಿಗೆ ಬಿಕ್ಕಳಿಕೆ ಹತ್ತಿ ಮೂರು ತಾಸು ನಿಲ್ಲಲಿಲ್ಲ. ಹನ್ನೊಂದು ವರ್ಷದಲ್ಲಿ ಆಫೀಸಿನವರು ಮನೆಮಂದಿಯನ್ನೆಲ್ಲ ಊಟಕ್ಕೆ ಕರೆದಾಗಲೆಲ್ಲ ಇವನಿಗೊಬ್ಬನಿಗೇ ಸರಿಯಾಗಿ ಅದೇ ಹೊತ್ತಿಗೆ ಹೊಟ್ಟೆನೋವು ಬರುತ್ತಿತ್ತು.

ಈಗ ಆ ಹಳೆಯ ತೂತು ಬಂದು ಸೊಸೆಯ ಸಹಿಯ ಮೇಲೆ ಕೂತಿತ್ತು. ಅವಳು ಕಟ್ಟಳೆ ನಂಬಿ, ಅದಕ್ಕಿಂತ ಹೆಚ್ಚಾಗಿ ಮಾವನನ್ನು ನಂಬಿ ಅಳೆಯದೆ ಬಿಟ್ಟಿದ್ದಾಳೆ. ಶನಿವಾರ ಪೈಪು ಕೂರುವುದಿಲ್ಲ. ಹೇಳಿದರೆ ಇವನ ಮಾನ ಹೋಗುತ್ತದೆ, ಹೇಳದಿದ್ದರೆ ಅವಳ ಕುರ್ಚಿ ಹೋಗುತ್ತದೆ. ರಸಮಟ್ಟನಿಗೆ ಸೊಸೆಯೆಂದರೆ ಪ್ರಾಣ. ಮಗ ಬಸ್ ಡಿಪೋ ಸೇರಿ ಪೈಪಿನ ಕಡೆ ತಲೆಹಾಕಿ ಮಲಗದಿದ್ದಾಗ, ಈ ಮನೆಯಲ್ಲಿ ಎಲ್ಬೋ, ಗ್ಯಾಸ್ಕೆಟ್ ಎಂದು ಮಾತಾಡಲು ಅವನಿಗೆ ಸಿಕ್ಕಿದವಳು ಅವಳೊಬ್ಬಳೇ.

ಮಂಗಳವಾರ ಬೆಳಿಗ್ಗೆ ಸುತ್ತಿಬಳಸಿ ಪ್ರಯತ್ನ ಶುರುವಾಯಿತು.

"ಅಮ್ಮಾ, ಒಂದು ಮಾತು. ಎಂಥೆಂಥ ಮೇಸ್ತ್ರಿಗಳೂ ಒಂದೊಂದ್ಸಲ ಎಡವ್ತಾರೆ."

"ನೀವು ಬಿಟ್ಟು ಅಲ್ವಾ ಮಾವ?" ಎಂದು ಸೊಸೆ ಚಪ್ಪಲಿ ಮೆಟ್ಟಿ ಹೊರಟೇಹೋದಳು.

ಬುಧವಾರ ಪೇಪರಿನ ಅಂಚಿನಲ್ಲಿ ಫ್ಲೇಂಜಿನ ಚಿತ್ರ ಬರೆದು, ನೆತ್ತಿಯ ಮೇಲೆ ತೂತು ಕೊರೆದು, ಅವಳ ಕಣ್ಣಿಗೆ ಬೀಳುವ ಹಾಗೆ ಟೀ ಲೋಟದ ಪಕ್ಕ ಇಟ್ಟ. ಹೆಂಡತಿ ಅದರ ಮೇಲೆ ಲೋಟ ಇಟ್ಟು ಒದ್ದೆ ಮಾಡಿದಳು. ನಲವತ್ತೈದು ವರ್ಷ ಸಂಸಾರ ಮಾಡಿದವಳಿಗೆ ಗಂಡ ಏನೋ ಮುಚ್ಚಿಡುತ್ತಿದ್ದಾನೆ ಎಂದು ತಿಳಿಯದೆ ಇರುತ್ತದೆಯೇ?

"ರೀ, ಕ್ಯಾಲೆಂಡರ್ ವಾಲಿದೆ. ಎರಡು ದಿನದಿಂದ ನೀವು ಮುಟ್ಟಿಲ್ಲ. ಏನು ಬಂದಿದೆ ನಿಮಗೆ?"

"ಏನಿಲ್ಲ ಕಣೇ."

"ಏನಿಲ್ಲ ಅನ್ನೋ ಗಂಡಸಿಗೆ ಏನೋ ಇದ್ದೇ ಇರುತ್ತೆ. ಯಾರಿಗೆ ಹೇಳ್ಬೇಕೋ ಅವರಿಗೆ ಹೋಗಿ ಹೇಳಿ. ನನ್ನ ಮುಖ ನೋಡಿದ್ರೆ ಏನೂ ಆಗಲ್ಲ."

ಅವನು ಗುರುವಾರ ಹೋದದ್ದು ಹೇಳಬೇಕಾದವರ ಹತ್ತಿರ ಅಲ್ಲ. ಪೈಪು ತಯಾರಾಗುತ್ತಿದ್ದ ವರ್ಕ್‌ಶಾಪಿಗೆ. ಅದರ ಯಜಮಾನ ಒಂದು ಕಾಲದಲ್ಲಿ ಇವನ ಕೈಕೆಳಗೆ ಕೆಲಸ ಕಲಿತವನು. ಈಗ ತಲೆ ನರೆತು ಮೊಮ್ಮಕ್ಕಳಾಗಿವೆ. ಮಾತು ಅವನಿಗೆ ದುಬಾರಿ ಸಾಮಾನು. ಎಲ್ಲದಕ್ಕೂ "ಹೂಂ" ಎನ್ನುವುದರಿಂದ ಹೂಂಕಾರಿ ಎಂದು ಕರೆಯುತ್ತಾರೆ.

ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಸೊಸೆಯ ಪೈಪು ಓರೆಯಾಗಿ ಮಲಗಿತ್ತು, ಯಾವ ತೂತು ನೆತ್ತಿಗೆ ಬರುತ್ತದೆಂದು ಡ್ರಾಯಿಂಗ್ ನೋಡದೆ ತಿಳಿಯುವಂತಿರಲಿಲ್ಲ. ಆಳುದ್ದಕ್ಕಿಂತ ಎರಡು ಪಟ್ಟು ಉದ್ದ, ಎರಡು ಕಡೆ ಎಲ್ಬೋ ತಿರುವು. ಇಂಥ ಪೈಪನ್ನು ಒಂದು ತುದಿಯಲ್ಲಿ ಕೊಂಚ ತಿರುಗಿಸಿದರೆ ಇನ್ನೊಂದು ತುದಿ ಪಂಪು ಬಿಟ್ಟು ಆಕಾಶ ನೋಡುತ್ತದೆ. ಫ್ಲೇಂಜನ್ನು ಸರಿಯಾಗಿ ಕೂರಿಸುವುದೊಂದೇ ದಾರಿ. ಟ್ಯಾಂಕಿನ ಕಡೆಯ ಫ್ಲೇಂಜನ್ನು ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ ನಿಲ್ಲಿಸಿದ್ದರು, ಪೂರ್ತಿ ಬೆಸುಗೆ ಇನ್ನೂ ಆಗಿರಲಿಲ್ಲ. ರಸಮಟ್ಟನಿಗೆ ಹೋದ ಜೀವ ಬಂದ ಹಾಗಾಯಿತು. ಡ್ರಾಯಿಂಗು ಪಕ್ಕದ ಹಲಗೆಗೆ ಸಿಕ್ಕಿಸಿತ್ತು. ಅದರ ಮೂಲೆಯಲ್ಲಿ ಸೊಸೆಯ ಸಹಿ ಇರುತ್ತದೆಂದು ನೆನೆದು ಅವನು ಆ ಕಡೆ ಕಣ್ಣು ಹಾಯಿಸಲೇ ಇಲ್ಲ. ನೋಡುವ ಮುಖವಿರಲಿಲ್ಲ ಅವನಿಗೆ.

"ಈ ಫ್ಲೇಂಜನ್ನ ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸಬೇಕು ಕಣೋ."

ಹೂಂಕಾರಿ ಹುಬ್ಬೇರಿಸಿದ. "ಡ್ರಾಯಿಂಗ್‌ನಲ್ಲಿ ಹಾಗಿಲ್ವಲ್ಲ ಮೇಸ್ತ್ರಿ."

"ಇಲ್ಲ ಅಂತ ಗೊತ್ತು ಕಣಯ್ಯಾ, ಅದಕ್ಕೇ ಬಂದಿರೋದು. ಡ್ರಾಯಿಂಗ್ ಹೇಗಿದೆಯೋ ಅದರಿಂದ ತಿರುಗಿಸು."

"ಸೊಸೆಯವರು ಹೇಳಿದ್ರಾ?"

"ನಮ್ಮನೆ ವಿಷಯ ನಮಗೆ ಗೊತ್ತಿರಲ್ವೇನೋ? ಇವತ್ತಿನವರೆಗೂ ನನ್ನ ಮಾತು ಕೇಳಿ ಕೆಟ್ಟಿದ್ದೀಯಾ?"

"ಹೂಂ" ಎಂದ ಹೂಂಕಾರಿ. ಅದು ಕೆಟ್ಟಿದ್ದೇನೆ ಎಂಬ ಹೂಂಕಾರವೋ, ಆಗಲಿ ಎಂಬ ಹೂಂಕಾರವೋ ತಿಳಿಯಲಿಲ್ಲ. ಗುರುವಿನ ಮಾತು ಮೀರುವ ಜಾಯಮಾನ ಅವನದಲ್ಲ. ರಸಮಟ್ಟನ ಕಣ್ಣೆದುರಿಗೇ ಚುಕ್ಕೆಗಳನ್ನು ಉಜ್ಜಿ ಬಿಡಿಸಿ, ಫ್ಲೇಂಜು ತಿರುಗಿಸಿ, ಮತ್ತೆ ಚುಕ್ಕೆ ಹಾಕಿಸಿದ.

ಅಂದು ಸಂಜೆ ರಸಮಟ್ಟ ಎರಡು ಸಲ ಬಡಿಸಿಕೊಂಡು ಉಂಡ. ಹಾಡು ಗುನುಗಿದ. ಕ್ಯಾಲೆಂಡರನ್ನು ಅರ್ಧ ತಾಸು ನಿಂತು ನೇರಮಾಡಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂಬ ಸುಖವೇ ಬೇರೆ.

ಶುಕ್ರವಾರ ಬೆಳಿಗ್ಗೆ ಸೊಸೆ ಸುರುಳಿ ಸುತ್ತಿದ ಒಂದು ಕಾಗದ ತಂದು ಅವನ ಮುಂದೆ ಹಿಡಿದಳು. ಅತ್ತೆ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದರು.

"ಮಾವ, ನನ್ನ ಮೊದಲನೇ ತಪಾಸಣೆ ಸಹಿ. ಒಂದು ಪ್ರತಿ ನಿಮಗೆ ಅಂತ ತಂದೆ. ನೀವು ಕಲಿಸಿದ್ದೇ ತಾನೇ ಎಲ್ಲ?"

ಅವನು ಕನ್ನಡಕ ಏರಿಸಿಕೊಂಡ. ಸಹಿ ದುಂಡಗೆ, ಗಟ್ಟಿಯಾಗಿ ಕೂತಿತ್ತು. ಎದೆಯುಬ್ಬಿ ಬಂತು. ಅಲ್ಲಿಂದ ಕಣ್ಣು ಪೈಪಿನ ಗೆರೆಯ ಜೊತೆ ನಡೆಯುತ್ತ ಹೋಗಿ ಟ್ಯಾಂಕಿನ ಬಳಿ ನಿಂತಿತು. ಅಲ್ಲೊಂದು ಬಾಣದ ಗುರುತು, ಪಕ್ಕದಲ್ಲಿ ಚೊಕ್ಕ ಅಕ್ಷರ: "ಟ್ಯಾಂಕಿನ ಫ್ಲೇಂಜಿನಲ್ಲಿ ಒಂದು ತೂತು ನೇರ ಮೇಲಿದೆ. ಸ್ಥಳದಲ್ಲಿ ಅಳೆದದ್ದು. ಪೈಪಿನ ಫ್ಲೇಂಜನ್ನೂ ಹಾಗೆಯೇ ಕೂರಿಸುವುದು."

ರಸಮಟ್ಟ ಅದನ್ನು ಬೆರಳಿಟ್ಟು ಎರಡನೇ ಸಲ ಓದಿದ.

"ನೀನು... ಅಳೆದಿದ್ದೆ?"

ಸೊಸೆ ಮೆಟ್ಟಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅಳೆಯದೆ ಇರೋಕೆ ಸಾಹೇಬ್ರು ಬಿಡ್ತಾರಾ ಮಾವ? ಹೊದಿಕೆ ಬಿಚ್ಚಿಸಿ ನೋಡಿದೆ. ಬೆಸುಗೆ ಪಕ್ಕ ಬೆಸೆದವರ ಗುರುತು, ಹದಿನಾಲ್ಕು ಅಂತ ನಿಮ್ಮ ನಂಬರ್ ಒತ್ತಿತ್ತು. ಯಾರಿಗೂ ಹೇಳಿಲ್ಲ. ಅದರ ಮೇಲೆ ಬಣ್ಣ ಬಳಿಸಿಬಿಟ್ಟೆ. ನಿಮಗೂ ಹೇಳಬಾರ್ದು ಅಂತಿದ್ದೆ. ಆದ್ರೆ ಸೋಮವಾರದಿಂದ ನಿಮ್ಮನ್ನ ನೋಡಿ ನೋಡಿ ಸಾಕಾಯ್ತು. ಹೋಗ್ಲಿ ಬಿಡಿ ಮಾವ. ನಲವತ್ತು ವರ್ಷದಲ್ಲಿ ಒಂದು ತಾನೇ? ಪೈಪ್ ಸರಿಯಾಗಿ ಕೂರುತ್ತೆ, ಯಾರಿಗೂ ಗೊತ್ತಾಗಲ್ಲ."

ಇಷ್ಟು ಪ್ರೀತಿಯ ಮಾತು ಕೇಳಿ ಯಾರಿಗಾದರೂ ಕಣ್ಣು ತುಂಬಬೇಕು. ರಸಮಟ್ಟನಿಗೆ ಬೆವರು ಕಿತ್ತುಕೊಂಡು ಬಂತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ಅವನು. ಸರಿಯಾಗಿದ್ದ ಫ್ಲೇಂಜನ್ನು ನಿನ್ನೆ ಎದುರಿಗೆ ನಿಂತು ತಪ್ಪು ಮಾಡಿಸಿ ಬಂದಿದ್ದ!

"ಕೂರಲ್ಲ" ಎಂದ.

"ಏನು ಕೂರಲ್ಲ?"

"ಪೈಪ್ ಕೂರಲ್ಲ ಕಣಮ್ಮ. ನೀನು ಅಳೆದಿಲ್ಲ ಅಂದ್ಕೊಂಡು ನಿನ್ನೆ ವರ್ಕ್‌ಶಾಪಿಗೆ ಹೋಗಿ ತಿರುಗಿಸಿಬಿಟ್ಟೆ."

ಸೊಸೆ ಅವನ ಕೈಯಿಂದ ಡ್ರಾಯಿಂಗು ಕಿತ್ತುಕೊಂಡಳು. ಹನ್ನೊಂದು ವರ್ಷದಲ್ಲಿ ಅವಳು ಮಾವನಿಗೆ ಎದುರಾಡಿದ್ದಿಲ್ಲ. ಈಗ ಸ್ಕೂಟರಿನ ಕೀಲಿ ಎತ್ತಿಕೊಂಡು, "ಹತ್ತಿ!" ಎಂದಳು. ಅಷ್ಟೇ ಅಂದದ್ದು. ಆದರೆ ಅಷ್ಟಕ್ಕೇ ರಸಮಟ್ಟ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಮಗನ ಚಪ್ಪಲಿ ಮೆಟ್ಟಿ ಹಿಂದೆ ಹತ್ತಿ ಕೂತ. ಮಹಡಿಯ ಮೇಲಿಂದ ಹೆಂಡತಿ, "ಕೊನೆಗೂ ಹೇಳಿದ್ರಾ?" ಎಂದು ಕೂಗಿದ್ದು ಬೀದಿಯ ತಿರುವಿನವರೆಗೂ ಕೇಳಿಸಿತು.

ವರ್ಕ್‌ಶಾಪಿನಲ್ಲಿ ಪೂರ್ತಿ ಬೆಸುಗೆ ಮುಗಿದು, ಒಬ್ಬ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. ಸೊಸೆ ಡ್ರಾಯಿಂಗ್ ಮುಂದೆ ಹಿಡಿದಳು.

"ಇದರಲ್ಲಿ ಇಷ್ಟು ಸ್ಪಷ್ಟವಾಗಿ ಬರೆದಿದೆಯಲ್ಲ ಅಣ್ಣ! ನೀವು ಓದಲಿಲ್ವಾ?"

"ಓದಿದೆ" ಎಂದ ಹೂಂಕಾರಿ. "ಮೇಸ್ತ್ರಿಗೆ ಹೇಳಿದೆ. ಗೊತ್ತು ಅಂದ್ರು."

ಎಲ್ಲರೂ ರಸಮಟ್ಟನ ಕಡೆ ನೋಡಿದರು. ಅವನು ತನ್ನ ಎರಡು ಬಗೆಯ ಚಪ್ಪಲಿಗಳ ಕಡೆ ನೋಡಿದ.

ಇನ್ನು ಕೊಯ್ಯುವುದೇ ದಾರಿ. ಕೊಯ್ದರೆ ಗರಗಸದ ಚಕ್ರ ಎರಡು ಮಿಲಿಮೀಟರ್ ಪೈಪು ತಿನ್ನುತ್ತದೆ. ಮೂರರವರೆಗೆ ಹೆಚ್ಚುಕಡಿಮೆಯಾದರೆ ನಿಯಮ ಒಪ್ಪುತ್ತದೆ, ನಾಲ್ಕಾದರೆ ಒಪ್ಪುವುದಿಲ್ಲ. ಸೊಸೆ ಲೆಕ್ಕ ಹಾಕಿ ತಲೆಯಾಡಿಸಿದಳು. ಕಿಡಿ ಹಾರಿ ಫ್ಲೇಂಜು ಕಳಚಿ ಬಂತು. ಅಂಚನ್ನು ಉಜ್ಜಿ ಇಳಿಜಾರು ಮಾಡಿದರು. ರಸಮಟ್ಟ ತೋಳು ಮಡಿಸಿ ಬೆಸುಗೆಯ ಮುಖವಾಡಕ್ಕೆ ಕೈಹಾಕಿದ.

"ಇಡಿ ಅದನ್ನ" ಎಂದಳು ಸೊಸೆ.

"ನಾನು ಕೆಡಿಸಿದ್ದು, ನಾನೇ ಬೆಸೀತೀನಿ."

"ಆರು ತಿಂಗಳು ಬೆಸುಗೆ ಹಾಕದೆ ಇದ್ದವರ ಅರ್ಹತೆ ಹೋಗುತ್ತೆ ಮಾವ, ಮತ್ತೆ ಪರೀಕ್ಷೆ ಕೊಡ್ಬೇಕು. ನಿಮ್ಮದು ಹೋಗಿ ಹತ್ತು ವರ್ಷ ಆಯ್ತು. ನೀವು ಬೆಸೆದ್ರೆ ನಾನು ಸಹಿ ಹಾಕೋಕಾಗಲ್ಲ."

"ನಾನು ನಿನ್ನ ಮಾವ ಕಣೇ!"

"ಅದು ನಿಯಮದಲ್ಲಿ ಇಲ್ಲ."

ಹೂಂಕಾರಿ ಗೋಡೆಯ ಕಡೆ ತಿರುಗಿ ಕೆಮ್ಮಿದ. ಅವನ ಭುಜ ಕುಣಿಯುತ್ತಿತ್ತು. ರಸಮಟ್ಟನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಕೊನೆಗೆ ಏನೋ ಒಂದು ಬಗೆಯ ಹೆಮ್ಮೆ. ಇವಳು ಎರಡನೇ ಚೌಕಕ್ಕೆ ತಕ್ಕವಳೇ ಎಂದುಕೊಂಡ.

ಜೋಡಿಸಲು ಅಡ್ಡಿಯಿರಲಿಲ್ಲ, ಅದಕ್ಕೆ ಪರೀಕ್ಷೆಯ ಕಾಗದ ಬೇಕಿಲ್ಲ. ಪೈಪನ್ನು ಟ್ಯಾಂಕಿಗೆ ಕೂರುವ ಹಾಗೆ ಹೊರಳಿಸಿ, ಅವನು ಫ್ಲೇಂಜನ್ನು ಅದಕ್ಕೆ ಹಿಡಿದು, ಒಂದು ತೂತನ್ನು ನೇರ ಮೇಲಕ್ಕೆ ತಂದ. ಕೈ ಹಳೆಯ ಚಾಳಿಯಂತೆ ಒಂದು ಕಣ್ಣು ಮುಚ್ಚುವುದನ್ನು ಕಾಯುತ್ತಿತ್ತು. ಅವನು ಎರಡೂ ಕಣ್ಣು ತೆರೆದೇ ಇಟ್ಟುಕೊಂಡು, "ರಸಮಟ್ಟ ಕೊಡ್ರೋ" ಎಂದು ಕೈಚಾಚಿದ. ಅಡ್ಡಸಾಲಿನ ಎರಡು ತೂತಿಗೆ ಎರಡು ಗೂಟ ಸಿಕ್ಕಿಸಿ, ಅವುಗಳ ಮೇಲೆ ಕೋಲಿಟ್ಟು, ಗುಳ್ಳೆ ನಡುವಿಗೆ ಬರುವವರೆಗೆ ಉಗುರಿನಿಂದ ತಟ್ಟಿದ. ಆಮೇಲೆ ಹಿಂದೆ ಸರಿದು, "ಅಳೆಯಮ್ಮ. ನನ್ನದು ಅಂತ ಬಿಡಬೇಡ" ಎಂದ.

ಸೊಸೆ ಅಳೆದಳು. ಎರಡು ಸಲ ಅಳೆದಳು. ವರ್ಕ್‌ಶಾಪಿನ ಬೆಸುಗೆಯವನು ಬೆಸೆದ. ಸಂಜೆಗೆ ಎಕ್ಸ್‌ರೇ ತೆಗೆಯುವವನು ಬಂದು, ಬೆಸುಗೆಯ ಒಳಗೆ ಎಲ್ಲೂ ಬಿರುಕಿಲ್ಲ ಎಂದು ಬರೆದುಕೊಟ್ಟ. ದುರಸ್ತಿಯ ಚೀಟಿಯಲ್ಲಿ 'ಕಾರಣ' ಎಂ‌ಬ ಕಡೆ ಸೊಸೆ ಸ್ವಲ್ಪ ಹೊತ್ತು ಪೆನ್ನು ಕಚ್ಚಿ, "ಮನೆಯವರ ಸಹಾಯ" ಎಂದು ಬರೆದಳು.

ಶನಿವಾರ ರಸಮಟ್ಟನಿಗೆ ಹೊಟ್ಟೆನೋವು ಬರಲಿಲ್ಲ. "ನಾನೂ ಬರ್ತೀನಿ" ಎಂದು ಒಗೆದ ಅಂಗಿ ಹಾಕಿ ಸ್ಕೂಟರಿನ ಪಕ್ಕ ನಿಂತಿದ್ದ. ಅವಳ ಪೈಪು ಕೂರುವುದನ್ನು ನೋಡುವ ಆಸೆ ಅವನಿಗೆ. ಅಳತೆ ಸಾಹೇಬರಿರುತ್ತಾರೆಂಬ ಭಯವೂ ಇತ್ತು. ಎರಡನ್ನೂ ಜೊತೆಗೇ ಹೊತ್ತುಕೊಂಡು ಹೋದ.

ಸಾಬೂನು ಕಾರ್ಖಾನೆಯ ಅಂಗಳದಲ್ಲಿ ಸರಪಳಿಗೆ ತೂಗುಬಿದ್ದ ಪೈಪು ಮೆಲ್ಲನೆ ಏರಿತು. ಟ್ಯಾಂಕಿನ ಮೂತಿಯ ಹತ್ತಿರ ಬಂತು. ಸೊಸೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ಕೆಲಸದವನು ಮೊದಲ ಬೋಲ್ಟನ್ನು ತೂತಿಗೆ ಹಿಡಿದ. ಸುತ್ತಿಗೆ ಬೇಡ, ಹಾರೆ ಬೇಡ, ಬೆರಳಲ್ಲಿ ತಳ್ಳಿದರೆ ಒಳಗೆ ಜಾರಿತು. ಎರಡನೆಯದು ಜಾರಿತು. ಎಂಟೂ ಜಾರಿದವು. ಪಂಪಿನ ಕಡೆಯವನು, "ಇಲ್ಲೂ ಕೂತಿದೆ!" ಎಂದು ಕೂಗಿದ. ಸೊಸೆ ಮಾವನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬೆರಳಿನ ಗುರುತು ಮೂಡಿತ್ತು.

ಅಷ್ಟರಲ್ಲಿ ಅಳತೆ ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ಟೇಪು. ಎರಡು ಫ್ಲೇಂಜುಗಳ ನಡುವೆ ಸುತ್ತಲೂ ಕಣ್ಣಾಡಿಸಿ, ಪಂಪಿನ ತುದಿಗೂ ಹೋಗಿ ಬಂದರು. ದುರಸ್ತಿ ಚೀಟಿ ಓದಿ, "ಮನೆಯವರ ಸಹಾಯ? ಇದೇನಮ್ಮ?" ಎಂದು ಕೇಳಿದರು. ಸೊಸೆ ಮಾವನ ಕಡೆ ನೋಡಿದಳು. "ಇರಲಿ, ಪೈಪ್ ಕೂತಿದೆ. ಸೋಮವಾರದಿಂದ ತಪಾಸಣೆ ಕುರ್ಚಿ ನಿಂದು" ಎಂದು ಕೈಕುಲುಕಿದರು.

ಆಮೇಲಷ್ಟೇ ಅವರು ಡ್ರಾಯಿಂಗು ಬಿಡಿಸಿ ನೋಡಿದ್ದು. ಬಾಣದ ಗುರುತಿನ ಬಳಿ ಅವರ ಬೆರಳು ನಿಂತಿತು. ತಲೆಯೆತ್ತಿ ಟ್ಯಾಂಕಿನ ಮೂತಿ ನೋಡಿದರು. ನೇರ ಮೇಲೆ, ನಡುಗೆರೆಯ ಮೇಲೆ, ಒಂದು ಬೋಲ್ಟು ಕೂತಿತ್ತು.

"ಇದು... ಮೊದಲಿಂದಲೂ ಹೀಗೇ ಇತ್ತಾ?"

"ಹೌದು ಸರ್" ಎಂದಳು ಸೊಸೆ. "ಹಳೇ ಕೆಲಸ. ಯಾರು ಮಾಡಿದ್ದೋ ಗೊತ್ತಿಲ್ಲ."

ಸಾಹೇಬರು ಆ ಬೋಲ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು. ಸೊಸೆ ಮಾವನಿಗೆ ಕಣ್ಣಲ್ಲೇ ಸುಮ್ಮನಿರಿ ಎಂದಳು. ಅವನ ಮಾನ ಉಳಿಸಲು ಇವತ್ತು ಅವಳೂ ಸುಳ್ಳು ಹೇಳಿದ್ದಳು, ಅದೂ ಕುರ್ಚಿ ಸಿಕ್ಕ ಮರುಗಳಿಗೆಯಲ್ಲಿ. ರಸಮಟ್ಟನಿಗೆ ಅದು ತಡೆಯಲಾಗಲಿಲ್ಲ. ತನ್ನದೊಂದು ಸುಳ್ಳು ಸಾಕು, ಅದನ್ನು ಅವಳ ತಲೆಗೂ ಕಟ್ಟುವುದು ಬೇಡ.

"ಅವಳಿಗೆ ಗೊತ್ತು ಸರ್, ನನಗೋಸ್ಕರ ಹಾಗಂದ್ಲು" ಎಂದು ಮುಂದೆ ಬಂದ. "ಮಾಡಿದ್ದು ನಾನು. ಆ ದಿನ ಪೈಪ್ ಕೂರದೆ ಇದ್ದಾಗ ಡ್ರಾಯಿಂಗ್ ತಪ್ಪು ಅಂದಿದ್ದೂ ನಾನೇ. ನಿಮ್ಮ ಡ್ರಾಯಿಂಗ್ ಸರಿ ಇತ್ತು."

ಸರಪಳಿ ಎಳೆಯುವವರು ಕೈ ನಿಲ್ಲಿಸಿದರು. ಸಾಹೇಬರು ಬೋಲ್ಟಿನಿಂದ ಕೈ ತೆಗೆದು ಅವನ ಕಡೆ ತಿರುಗಿದರು.

"ಎರಡು ವರ್ಷ, ಯಜಮಾನ್ರೇ. ಎರಡು ವರ್ಷ ಬರೀ ಅಕ್ಷರ ತುಂಬಿದೆ ನಾನು."

"ಗೊತ್ತು ಸರ್. ಹೇಳ್ಬೇಕಿತ್ತು. ಧೈರ್ಯ ಬರ್ಲಿಲ್ಲ. ತಪ್ಪಾಯ್ತು."

"ಆ ಡ್ರಾಯಿಂಗ್ ಇನ್ನೂ ನಮ್ಮನೇಲಿದೆ. ಎಷ್ಟು ಸಲ ತೆಗೆದು ನೋಡಿದೀನಿ, ಎಲ್ಲಿ ತಪ್ಪಿದೆ ಅಂತ ಸಿಕ್ಕಲೇ ಇಲ್ಲ." ಅವರ ತುಟಿ ಒಂದು ಕಡೆಗೆ ಎಳೆಯತೊಡಗಿತು. ಅಳುವೋ ನಗುವೋ ಎಂದು ಎಲ್ಲರೂ ಕಾದರು. "ಮನೇಲಿ ಇವತ್ತಿಗೂ ಒಂದು ವಾದ ಗೆದ್ದಿಲ್ಲ ನಾನು. ಏನಾದ್ರೂ ನಂದೇ ಸರಿ ಅಂದ್ರೆ ಸಾಕು, ನನ್ನ ಹೆಂಡ್ತಿ 'ಎಣ್ಣೆ ಟ್ಯಾಂಕು' ಅಂತಾಳೆ. ಬಾಯಿ ಮುಚ್ಕೋತೀನಿ. ಇಪ್ಪತ್ತಾರು ವರ್ಷ!"

ಎಂದವರೇ ಜೇಬಿನಿಂದ ಫೋನು ತೆಗೆದು ಒತ್ತಿದರು. "ನಾನು ಕಣೇ. ಇಲ್ಲೊಬ್ರು ಮಾತಾಡ್ತಾರೆ, ಗಮನ ಇಟ್ಟು ಕೇಳು" ಎಂದು ಅದನ್ನು ರಸಮಟ್ಟನ ಕೈಗೆ ಕೊಟ್ಟರು.

ರಸಮಟ್ಟ ಗಂಟಲು ಸರಿಮಾಡಿಕೊಂಡ. "ಅಮ್ಮಾ, ಎಣ್ಣೆ ಟ್ಯಾಂಕಿನ ವಿಷಯ. ನಿಮ್ಮ ಯಜಮಾನ್ರ ಡ್ರಾಯಿಂಗ್ ಸರಿ ಇತ್ತು. ತಪ್ಪು ನಂದು."

"ಏನು? ಮೆಷಿನ್ ಸದ್ದು, ಏನೂ ಕೇಳಿಸ್ತಿಲ್ಲ" ಎಂದಿತು ಆ ಕಡೆಯ ದನಿ. "ಜೋರಾಗಿ ಹೇಳಿ!"

"ಜೋರಾಗಿ ಹೇಳಿ ಯಜಮಾನ್ರೇ" ಎಂದರು ಸಾಹೇಬರೂ.

ರಸಮಟ್ಟ ಉಸಿರು ತುಂಬಿಕೊಂಡ. "ಫ್ಲೇಂಜ್ ತಪ್ಪಾಗಿ ಕೂರಿಸಿದ್ದು ನಾನು! ಡ್ರಾಯಿಂಗ್ ಸರಿ ಇತ್ತು! ಅವರದ್ದು ಏನೂ ತಪ್ಪಿರಲಿಲ್ಲ!"

ಪಂಪಿನ ಹತ್ತಿರದವರು, ಏಣಿಯ ಮೇಲಿದ್ದವರು, ಸಾಬೂನಿನ ಪೆಟ್ಟಿಗೆ ಹೊತ್ತು ಹೋಗುತ್ತಿದ್ದವರು, ಎಲ್ಲರೂ ತಿರುಗಿ ನೋಡಿದರು. ಸೊಸೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. "ಅವರಿಗೆ ಕೊಡಿ" ಎಂದಿತು ಫೋನಿನ ಆ ಕಡೆಯ ದನಿ.

ಸಾಹೇಬರು ಫೋನನ್ನು ಕಿವಿಗಿಟ್ಟುಕೊಂಡು ನಾಲ್ಕು ಹೆಜ್ಜೆ ಆಚೆ ಹೋದರು. ಆಕೆ ಏನು ಹೇಳಿದರೋ, ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. "ಹೂಂ. ಹೂಂ, ಬರ್ತೀನಿ" ಎಂದರು. "ಇಲ್ಲ, ಊಟ ಮಾಡಿಲ್ಲ, ಮನೆಗೇ ಬರ್ತೀನಿ."